ಕಲಿಲ ವಿಜ್ಞಾನದ ಜನಕ ಥಾಮಸ್ ಗ್ರಹಾಂ

ಮಂಗಳೂರಿನ ರಥಬೀದಿಯ ಹೂವಿನಂಗಡಿಯಿಂದ ಒಂದು ಚೆಂಡು ಮಲ್ಲಿಗೆಯನ್ನು ಕೊಂಡುತಂದು ಮನೆಯ ಮೂಲೆಯಲ್ಲಿ ಇರಿಸಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಅದರ ಕಂಪು ಕೋಣೆಯನ್ನೆಲ್ಲ ತುಂಬುತ್ತದೆ. ಲೋಟದ ತಳದಲ್ಲಿ ಸಕ್ಕರೆಯನ್ನು ಹಾಕಿ ಕಲಕದೆ ಬಿಟ್ಟರೂ ಕೆಲವು ದಿನಗಳ ಅನಂತರ ಮೇಲಿನ ನೀರು ಸಿಹಿಯಾಗುತ್ತದೆ. ಇಂತಹ ನೋಟಗಳು ನಮಗೆಲ್ಲ ಪರಿಚಿತ. ಪರಿಚಿತವಾದುದರಿಂದಲೇ ನಾವು ಅವುಗಳ ಕಡೆ ಗಮನ ಕೊಡುವುದಿಲ್ಲ. ಆದರೆ ವಸ್ತುಗಳ ಈ ಸದ್ದಿಲ್ಲದ ನಡಿಗೆಯನ್ನು ಅಳೆಯುವುದಕ್ಕಾಗಿಯೇ ತನ್ನ ಆಯುಷ್ಯದ ಬಹುಭಾಗವನ್ನು ಸವೆಸಿದ ವಿಜ್ಞಾನಿಯೊಬ್ಬರಿದ್ದರು. ಅವರೇ ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ. ಇಂದು ವೈದ್ಯರು ರೋಗಿಯ ಮೈಯೊಳಗೆ ಮೆತ್ತನೆಯ ಜೆಲ್ ಒಂದನ್ನು ಸೇರಿಸಿ, ಅದರಿಂದ ಔಷಧವು ಬೇಕಾದಷ್ಟೇ ಪ್ರಮಾಣದಲ್ಲಿ ಮೆಲ್ಲಮೆಲ್ಲನೆ ಒಸರುವಂತೆ ಮಾಡಬಲ್ಲರು. ಈ ವಿದ್ಯೆಯ ತಳಹದಿಯಲ್ಲಿರುವ ಕಲ್ಲುಗಳಲ್ಲಿ ಮೊದಲಿನವು ಗ್ರಹಾಂ ಅವರು ಇಟ್ಟವು. ಜೆಲ್ ಎಂಬ ಹೆಸರನ್ನು ಕೊಟ್ಟವರೂ ಅವರೇ.

ಗ್ರಹಾಂ ಅವರು 1805ರ ಡಿಸೆಂಬರ್ ತಿಂಗಳಿನಲ್ಲಿ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ಕ್ಲೈಡ್ ನದಿಯ ದಡದಲ್ಲಿರುವ ಆ ನಗರವು ವ್ಯಾಪಾರಕ್ಕೂ ನೇಯ್ಗೆಗೂ ಹೆಸರಾಗಿತ್ತು. ತಂದೆ ಜೇಮ್ಸ್ ಗ್ರಹಾಂ ಬಟ್ಟೆಯ ಉದ್ಯಮದಲ್ಲಿ ಏಳಿಗೆಯನ್ನು ಪಡೆದವರು. ತಾಯಿ ಮಾರ್ಗರೆಟ್. ಏಳು ಮಂದಿ ಮಕ್ಕಳಲ್ಲಿ ಥಾಮಸ್ ಹಿರಿಯರು. ಹಿರಿಯ ಮಗನು ಧರ್ಮಶಾಸ್ತ್ರವನ್ನು ಓದಿ ಪಾದ್ರಿಯಾಗಬೇಕು, ಕುಲಕ್ಕೆ ಕೀರ್ತಿಯನ್ನು ತರಬೇಕು ಎಂಬುದು ತಂದೆಯ ಹೆಬ್ಬಯಕೆಯಾಗಿತ್ತು. 1819ರಲ್ಲಿ, ಇನ್ನೂ ಎಳೆಯ ಹರೆಯದಲ್ಲಿಯೇ, ಥಾಮಸ್ ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಥಾಮಸ್ ಥಾಮ್ಸನ್ ಎಂಬ ಪ್ರಾಧ್ಯಾಪಕರು ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದರು. ಅವರ ಪಾಠಗಳು ಬಾಲಕನ ಮನಸ್ಸನ್ನು ಸೆರೆಹಿಡಿದವು. ಧರ್ಮಗ್ರಂಥಗಳಿಗಾಗಿ ಮೀಸಲಾಗಿದ್ದ ಹುಡುಗನ ಕಣ್ಣುಗಳು ಗಾಜಿನ ಬುದ್ದಲಿಗಳ ಕಡೆಗೆ ಹೊರಳಿದವು.

ಮಗನ ಒಲವು ತಂದೆಗೆ ಸಹಿಸಲಿಲ್ಲ. ಥಾಮಸ್ ಪಾದ್ರಿಯ ವೃತ್ತಿಯನ್ನು ಒಲ್ಲೆನೆಂದು ರಸಾಯನಶಾಸ್ತ್ರವನ್ನೇ ಹಿಡಿದಾಗ ಅವರು ಧನಸಹಾಯವನ್ನು ನಿಲ್ಲಿಸಿಬಿಟ್ಟರು. ಇದನ್ನು ಓದಿದ ಮಾತ್ರಕ್ಕೆ ಆ ತಂದೆಯನ್ನು ಕಠಿಣ ಹೃದಯದವರೆಂದು ತೀರ್ಮಾನಿಸುವುದು ಸರಿಯಲ್ಲ. ಆ ಕಾಲದಲ್ಲಿ ರಸಾಯನಶಾಸ್ತ್ರವು ಹೊಟ್ಟೆ ಹೊರೆಯುವ ವೃತ್ತಿಯಾಗಿ ಬೆಳೆದಿರಲಿಲ್ಲ. ಅದನ್ನು ನಂಬಿ ಬಾಳುವೆ ಮಾಡಿದವರು ತೀರ ವಿರಳ. ಕಣ್ಣಿಗೆ ಕಾಣುವ ನೆಲೆಯೊಂದನ್ನು ಬಿಟ್ಟು ಮಗನು ಕತ್ತಲೆಗೆ ಕಾಲಿಡುತ್ತಿರುವನೆಂದು ತಂದೆಗೆ ತೋರಿದ್ದರೆ ಆಶ್ಚರ್ಯವಿಲ್ಲ. ಥಾಮಸ್ ಎಡಿನ್‌ಬರೋ ನಗರಕ್ಕೆ ಹೋಗಿ ಥಾಮಸ್ ಚಾರ್ಲ್ಸ್ ಹೋಪ್ ಎಂಬ ಪ್ರಸಿದ್ಧ ಪ್ರಾಧ್ಯಾಪಕರ ಬಳಿ ವ್ಯಾಸಂಗವನ್ನು ಮುಂದುವರಿಸಿದರು. ಪಾಠ ಹೇಳಿ, ಲೇಖನಗಳನ್ನು ಬರೆದು ಜೀವನ ನಡೆಸಬೇಕಾಯಿತು. ಆ ಕಷ್ಟದ ದಿನಗಳಲ್ಲಿ ಅವರ ಕೈಬಿಡದವರು ತಾಯಿ ಮತ್ತು ಸೋದರಿ. ಬರೆಹದಿಂದ ದೊರೆತ ಮೊದಲ ಸಂಭಾವನೆಯನ್ನು ಗ್ರಹಾಂ ತಮಗಾಗಿ ಇಟ್ಟುಕೊಳ್ಳದೆ ತಾಯಿಗೂ ಸೋದರಿಯರಿಗೂ ಉಡುಗೊರೆಗಳನ್ನು ಕೊಳ್ಳುವುದಕ್ಕಾಗಿ ವೆಚ್ಚ ಮಾಡಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ.

1830ರಲ್ಲಿ ಗ್ರಹಾಂ ಗ್ಲಾಸ್ಗೋ ನಗರದ ಆಂಡರ್ಸನ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಈ ಸಂಸ್ಥೆಯ ಬಾಗಿಲು ದುಡಿಯುವ ಜನರಿಗೂ ತೆರೆದಿತ್ತು. ಹಗಲೆಲ್ಲ ಕೆಲಸ ಮಾಡಿದವರು ಸಂಜೆಯ ತರಗತಿಗಳಿಗೆ ಬಂದು ಕಲಿಯುತ್ತಿದ್ದರು. ತಂದೆಯ ಬಳಿ ಮರಗೆಲಸ ಮಾಡುತ್ತಿದ್ದ ಜೇಮ್ಸ್ ಯಂಗ್ ಎಂಬ ಯುವಕನು ಹೀಗೆ ಬಂದವನು. ಗ್ರಹಾಂ ಅವನ ಪ್ರತಿಭೆಯನ್ನು ಗುರುತಿಸಿ ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. ಹತ್ತಿಯ ಗಿರಣಿಯಲ್ಲಿ ದುಡಿದು ಮುಂದೆ ಆಫ್ರಿಕದ ಅನ್ವೇಷಕನೆಂದು ಖ್ಯಾತನಾದ ಡೇವಿಡ್ ಲಿವಿಂಗ್‌ಸ್ಟನ್ ಕೂಡ ಅದೇ ಸಂಸ್ಥೆಯಲ್ಲಿ ಕಲಿತವನು.

ಗ್ರಹಾಂ ಅವರ ಮೊದಲ ಮಹತ್ತ್ವದ ಶೋಧನೆ ಅನಿಲಗಳಿಗೆ ಸಂಬಂಧಿಸಿದುದು. ಜರ್ಮನಿಯ ಡೋಬರೈನರ್ ಎಂಬ ವಿಜ್ಞಾನಿ ಜಲಜನಕವನ್ನು ತುಂಬಿದ ಜಾಡಿಯೊಂದನ್ನು ನೀರಿನ ಮೇಲೆ ಬೋರಲಾಗಿ ಇರಿಸಿದ್ದರು. ಜಾಡಿಯಲ್ಲಿ ಕೂದಲೆಳೆಯಂತಹ ಬಿರುಕಿತ್ತು. ಆ ಬಿರುಕಿನಿಂದ ಜಲಜನಕವು ಹೊರಬಿದ್ದು, ಒಳಗಿನ ನೀರು ಮೇಲೇರಿತು. ಹೊರಗಿನ ಗಾಳಿಯು ಅಷ್ಟೇ ಬೇಗ ಒಳಗೆ ಬರಲಿಲ್ಲವೇಕೆ? ಇತರರು ಓದಿ ಮರೆತ ಈ ಸಣ್ಣ ಸಂಗತಿಯನ್ನು ಗ್ರಹಾಂ ಕೈಬಿಡಲಿಲ್ಲ. ಬಿರುಕಿನ ಬದಲಾಗಿ ಗಾಜಿನ ನಳಿಗೆಯ ಬಾಯಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ತೆಳುವಾದ ಬಿರಡೆಯನ್ನು ಹಾಕಿ, ಬೇರೆ ಬೇರೆ ಅನಿಲಗಳು ಅದರ ಸೂಕ್ಷ್ಮ ರಂಧ್ರಗಳ ಮೂಲಕ ಹಾದುಹೋಗುವ ವೇಗವನ್ನು ಅಳೆದರು. ಅನಿಲವು ಹಗುರವಾದಷ್ಟೂ ಬೇಗ ಹರಡುತ್ತದೆ. ವೇಗವು ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಆಮ್ಲಜನಕವು ಜಲಜನಕಕ್ಕಿಂತ 16 ಪಾಲು ಭಾರ. ಆದುದರಿಂದ ಜಲಜನಕವು ಅದಕ್ಕಿಂತ 4 ಪಾಲು ವೇಗವಾಗಿ ಹರಡುತ್ತದೆ. 1833ರಲ್ಲಿ ಪ್ರಕಟವಾದ ಈ ನಿಯಮವು ಇಂದಿಗೂ ಗ್ರಹಾಂ ನಿಯಮವೆಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

1837ರಲ್ಲಿ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋದರು. 1841ರಲ್ಲಿ ಲಂಡನ್ನಿನ ರಸಾಯನಶಾಸ್ತ್ರ ಸಂಘವು ಸ್ಥಾಪನೆಯಾದಾಗ ಅದರ ಪ್ರಥಮ ಅಧ್ಯಕ್ಷರಾಗಿ ಆಯ್ಕೆಗೊಂಡರು. ಅವರು ವೇದಿಕೆಯನ್ನೇರಿ ಅಬ್ಬರಿಸುವವರಲ್ಲ, ಸಂಕೋಚದ ಸ್ವಭಾವದವರು. ಮದುವೆಯಾಗಲಿಲ್ಲ. ಅವರ ಮನೆಮಾತೆಲ್ಲ ಪ್ರಯೋಗಶಾಲೆಯೇ ಆಗಿತ್ತು.

ಅನಿಲಗಳ ಅನಂತರ ಅವರ ಗಮನವು ದ್ರವಗಳತ್ತ ತಿರುಗಿತು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಕೂಡುವ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವುದನ್ನು ಕರಾವಳಿಯ ಜನರು ಬಲ್ಲರು. ಅಲ್ಲಿ ಅಲೆಗಳೂ ಉಬ್ಬರವಿಳಿತಗಳೂ ನೀರನ್ನು ಕಲಕುತ್ತವೆ. ಕಲಕುವ ಕೈಯೇ ಇಲ್ಲದ ನಿಶ್ಚಲ ಜಲದಲ್ಲಿ ಉಪ್ಪು ಎಷ್ಟು ವೇಗದಿಂದ ಹರಡೀತು? ಇದು ಗ್ರಹಾಂ ಕೇಳಿಕೊಂಡ ಪ್ರಶ್ನೆ. ಅವರು ಅಗಲ ಬಾಯಿಯ ಸೀಸೆಯಲ್ಲಿ ದ್ರಾವಣವನ್ನು ತುಂಬಿ, ಅದನ್ನು ಶುದ್ಧಜಲವಿರುವ ದೊಡ್ಡ ಜಾಡಿಯೊಳಗೆ ಮೆಲ್ಲನೆ ಇಳಿಸಿ, ಅಲುಗಾಡದಂತೆ ದಿನಗಟ್ಟಲೆ ಬಿಡುತ್ತಿದ್ದರು. ಬಳಿಕ ಎಷ್ಟು ವಸ್ತು ಹೊರಬಂದಿದೆಯೆಂದು ತೂಗುತ್ತಿದ್ದರು. ಒಂದೇ ಪ್ರಮಾಣದ ವಿಸರಣೆಗೆ ಹೈಡ್ರೋಕ್ಲೋರಿಕ್ ಆಮ್ಲವು 1 ಘಂಟೆ ತೆಗೆದುಕೊಳ್ಳುವುದೆಂದು ಇಟ್ಟುಕೊಂಡರೆ, ಅಡಿಗೆಯ ಉಪ್ಪಿಗೆ 2.33 ಘಂಟೆ, ಸಕ್ಕರೆಗೆ 7 ಘಂಟೆ ಬೇಕು. ಮೊಟ್ಟೆಯ ಬಿಳಿಯ ಭಾಗದಲ್ಲಿರುವ ಆಲ್ಬುಮಿನ್ನಿಗೆ 49 ಘಂಟೆ. ಸುಟ್ಟ ಸಕ್ಕರೆಯಿಂದಾಗುವ ಕ್ಯಾರಮೆಲ್ಲಿಗೆ 98 ಘಂಟೆ! ಒಂದೇ ನೀರಿನಲ್ಲಿ ಒಂದು ವಸ್ತು ಓಡುತ್ತದೆ, ಇನ್ನೊಂದು ತೆವಳುತ್ತದೆ. ಈ ಅಂತರದ ಹಿಂದೆ ಏನೋ ರಹಸ್ಯವಿದೆಯೆಂದು ಗ್ರಹಾಂ ಅವರಿಗೆ ಹೊಳೆಯಿತು.

ಈ ನಡುವೆ, 1855ರಲ್ಲಿ, ಸರ್ಕಾರವು ಅವರನ್ನು ರಾಜಟಂಕಸಾಲೆಯ ಮುಖ್ಯಾಧಿಕಾರಿಯನ್ನಾಗಿ ನೇಮಿಸಿತು. ಹಿಂದೆ ಐಸಾಕ್ ನ್ಯೂಟನ್ ಅಲಂಕರಿಸಿದ್ದ ಪದವಿ ಅದು. ಗ್ರಹಾಂ ಅದನ್ನು ಬರಿಯ ಗೌರವವೆಂದು ಭಾವಿಸಲಿಲ್ಲ. 1860ರಲ್ಲಿ ತಾಮ್ರದ ನಾಣ್ಯಗಳಿಗೆ ಬದಲಾಗಿ ಕಂಚಿನ ನಾಣ್ಯಗಳು ಚಲಾವಣೆಗೆ ಬಂದಾಗ ಆ ದೊಡ್ಡ ಕಾರ್ಯದ ಹೊಣೆ ಅವರ ಮೇಲಿತ್ತು. ಇಂತಹ ಹೊರೆಯನ್ನು ಹೊತ್ತವರು ಸಂಶೋಧನೆಗೆ ವಿದಾಯ ಹೇಳುವುದು ಲೋಕರೂಢಿ. ಗ್ರಹಾಂ ಅವರಾದರೋ ತಮ್ಮ ಜಾಡಿಗಳ ಬಳಿಗೆ ಮರಳಿದರು. ಅವರ ಶ್ರೇಷ್ಠ ಕಾರ್ಯಗಳು ಐವತ್ತೈದನೆಯ ವಯಸ್ಸಿನ ಬಳಿಕ ಹೊರಬಂದವು.

1861ರಲ್ಲಿ ಅವರು ಒಂದು ಸರಳವಾದ ಸಾಧನವನ್ನು ಬಳಕೆಗೆ ತಂದರು. ಜರಡಿಯ ಬಳೆಯಂತಹ ಒಂದು ಬಳೆಗೆ ಚರ್ಮದಂತೆ ಹದಗೊಳಿಸಿದ ಕಾಗದವನ್ನು ಬಿಗಿದು, ಅದನ್ನು ನೀರಿನ ಮೇಲೆ ತೇಲಿಬಿಟ್ಟರು. ಅದರೊಳಗೆ ಸಕ್ಕರೆಯನ್ನೂ ಗೋಂದನ್ನೂ ಕರಗಿಸಿದ ಮಿಶ್ರಣವನ್ನು ಸುರಿದರು. ಒಂದು ದಿನದೊಳಗೆ ಸಕ್ಕರೆಯ ಬಹುಪಾಲು ಕಾಗದವನ್ನು ದಾಟಿ ಕೆಳಗಿನ ನೀರನ್ನು ಸೇರಿತು. ಗೋಂದು ಇದ್ದಲ್ಲಿಯೇ ಉಳಿಯಿತು. ಹೀಗೆ ಬೇರ್ಪಡಿಸುವ ಕ್ರಮಕ್ಕೆ ಅವರು ಡಯಾಲಿಸಿಸ್ ಎಂದು ಹೆಸರಿಟ್ಟರು. ಮೂತ್ರವನ್ನು ಈ ಸಾಧನದಲ್ಲಿ ಹಾಕಿದಾಗ ಅದರಲ್ಲಿರುವ ಯೂರಿಯ ಎಂಬ ವಸ್ತುವು ದಾಟಿ ಬಂದುದನ್ನೂ ಕಂಡರು. ಸಕ್ಕರೆ, ಉಪ್ಪುಗಳಂತೆ ಹರಳುಗಟ್ಟುವ, ಬೇಗ ಹರಡುವ ವಸ್ತುಗಳನ್ನು ಸ್ಫಟಿಕಾಭಗಳೆಂದು ಕರೆದರು. ಗೋಂದು, ಆಲ್ಬುಮಿನ್, ಸರೇಸುಗಳಂತಹ ನಿಧಾನದ ವಸ್ತುಗಳನ್ನು, ಸರೇಸು ಎಂಬ ಅರ್ಥವುಳ್ಳ ಗ್ರೀಕ್ ಪದದಿಂದ ಕೊಲಾಯ್ಡ್‌ಗಳೆಂದು ಕರೆದರು. ಅವನ್ನೇ ನಾವು ಕನ್ನಡದಲ್ಲಿ ಕಲಿಲಗಳೆನ್ನುತ್ತೇವೆ. ಇವು ಎರಡು ಬೇರೆ ಜಾತಿಯ ವಸ್ತುಗಳೆಂದು ಗ್ರಹಾಂ ಭಾವಿಸಿದ್ದರು. ಜಾತಿ ಬೇರೆಯಲ್ಲ, ಕಣಗಳ ಗಾತ್ರವೇ ವ್ಯತ್ಯಾಸಕ್ಕೆ ಕಾರಣವೆಂಬುದನ್ನು ಮುಂದಿನ ವಿಜ್ಞಾನಿಗಳು ತೋರಿಸಿದರು. ಆದರೂ ಅವರು ಎಳೆದ ಗೆರೆಯು ಹೊಸದೊಂದು ವಿಜ್ಞಾನಶಾಖೆಗೆ ಎಲ್ಲೆಯನ್ನು ಗುರುತಿಸಿತು.

ಇದೇ ಕಾಲದಲ್ಲಿ ಅವರು ಮಾಡಿದ ಮತ್ತೊಂದು ಪ್ರಯೋಗವು ನಮ್ಮ ವಿಷಯಕ್ಕೆ ಮುಖ್ಯವಾದುದು. ಕಡಲ ಪಾಚಿಯಿಂದ ತೆಗೆಯುವ, ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ದೊರೆಯುವ ವಸ್ತುವನ್ನು ಎಲ್ಲರೂ ಕಂಡಿರಬಹುದು. ಮಂಗಳೂರಿನ ಮನೆಗಳಲ್ಲಿ ಎಳನೀರಿಗೆ ಇದನ್ನು ಬೆರೆಸಿ ತಿನಿಸು ಮಾಡುವುದುಂಟು. ನೂರು ಪಾಲು ನೀರಿಗೆ ಒಂದೆರಡು ಪಾಲು ಹಾಕಿ ಕುದಿಸಿ ಆರಿಸಿದರೆ ಸಾಕು, ನೀರೆಲ್ಲವೂ ಅಲುಗುವ ಗಟ್ಟಿಯಾಗಿ ನಿಲ್ಲುತ್ತದೆ. ಇಂತಹ ಗಟ್ಟಿಯೊಳಗೆ ಉಪ್ಪು ಹರಡಬಲ್ಲುದೇ ಎಂದು ಗ್ರಹಾಂ ಪರೀಕ್ಷಿಸಿದರು. ಫಲಿತಾಂಶವು ಅಚ್ಚರಿಯದಾಗಿತ್ತು. ಉಪ್ಪು ಆ ಗಟ್ಟಿಯೊಳಗೂ ತೆರೆದ ನೀರಿನಲ್ಲಿ ಹರಡುವಂತೆಯೇ ಹೆಚ್ಚುಕಡಮೆ ಅದೇ ವೇಗದಿಂದ ಸಾಗಿತು. ಕ್ಯಾರಮೆಲ್ಲಿನ ಕಂದು ಬಣ್ಣವಾದರೋ ಬಲು ಕಷ್ಟದಿಂದ ಅಲ್ಪ ದೂರ ಮಾತ್ರ ಕದಲಿತು. ಕಣ್ಣಿಗೆ ಗಟ್ಟಿಯಾಗಿ ಕಾಣುವ ಈ ವಸ್ತುವಿನ ಒಳಗೆ ನೀರು ತುಂಬಿದ ಸೂಕ್ಷ್ಮವಾದ ಬಲೆಯಿದೆ. ಸಣ್ಣದು ನುಸುಳುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ.

ಗ್ರಹಾಂ ಸಿಲಿಸಿಕ್ ಆಮ್ಲವನ್ನು ಡಯಾಲಿಸಿಸ್ ಕ್ರಮದಿಂದ ಶುದ್ಧಗೊಳಿಸಿ, ನೀರಿನಂತೆ ತಿಳಿಯಾದ ದ್ರವವನ್ನು ಪಡೆದರು. ಕೆಲವು ದಿನಗಳ ಬಳಿಕ ಅದು ತನ್ನಷ್ಟಕ್ಕೆ ಹೆಪ್ಪುಗಟ್ಟುತ್ತಿತ್ತು. ಹರಿಯುವ ಸ್ಥಿತಿಯನ್ನು ಸಾಲ್ ಎಂದೂ ಹೆಪ್ಪಾದ ಸ್ಥಿತಿಯನ್ನು ಜೆಲ್ ಎಂದೂ 1864ರ ಪ್ರಬಂಧದಲ್ಲಿ ಕರೆದರು. ಒಂದೇ ವಸ್ತು ಈಗ ದ್ರವವಾಗಿ ಹರಿದು, ಮತ್ತೆ ಜೆಲ್ ಆಗಿ ನಿಲ್ಲಬಲ್ಲುದೆಂಬುದು ಆಗ ಕುತೂಹಲದ ಸಂಗತಿ ಮಾತ್ರವಾಗಿತ್ತು.

1869ರ ಸೆಪ್ಟೆಂಬರಿನಲ್ಲಿ ಗ್ರಹಾಂ ಲಂಡನ್ನಿನಲ್ಲಿ ನಿಧನರಾದರು. ಪಲ್ಲೇಡಿಯಂ ಎಂಬ ಲೋಹವು ಜಲಜನಕವನ್ನು ಹೀರಿಕೊಳ್ಳುವ ಬಗೆಯನ್ನು ಅವರು ಆ ವರ್ಷವೂ ಅಭ್ಯಸಿಸುತ್ತಿದ್ದರು. ಗ್ಲಾಸ್ಗೋ ನಗರದ ಜಾರ್ಜ್ ಚೌಕದಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಅದನ್ನು ನಗರಕ್ಕೆ ಕೊಡುಗೆಯಾಗಿ ಇತ್ತವನು, ಒಂದು ಕಾಲಕ್ಕೆ ಸಂಜೆಯ ತರಗತಿಗೆ ಬರುತ್ತಿದ್ದ ಮರಗೆಲಸದ ಜೇಮ್ಸ್ ಯಂಗ್. ಖನಿಜ ತೈಲದ ಉದ್ಯಮದಿಂದ ಸಿರಿವಂತನಾದರೂ ಅವನು ಗುರುವನ್ನು ಮರೆತಿರಲಿಲ್ಲ.

ಗ್ರಹಾಂ ಬಿತ್ತಿದ ಬೀಜಗಳು ಅವರ ಕಾಲಾನಂತರ ಮೊಳೆತವು. 1913ರಲ್ಲಿ ಅಮೆರಿಕದ ಜಾನ್ ಏಬೆಲ್ ಮತ್ತು ಸಂಗಡಿಗರು ಪ್ರಾಣಿಯ ರಕ್ತವನ್ನು ತೆಳ್ಳನೆಯ ಪೊರೆಯ ನಳಿಗೆಗಳಲ್ಲಿ ಹರಿಸಿ ಡಯಾಲಿಸಿಸ್ ಮಾಡಿದರು. 1943ರಲ್ಲಿ, ಯುದ್ಧದ ಸಂಕಟದ ನಡುವೆ, ನೆದರ್‌ಲೆಂಡ್ಸಿನ ವಿಲೆಮ್ ಕೋಲ್ಫ್ ಮನುಷ್ಯರಿಗೆ ಒದಗುವ ಕೃತಕ ಮೂತ್ರಪಿಂಡವನ್ನು ನಿರ್ಮಿಸಿದರು. ಇಂದು ಮಂಗಳೂರಿನ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಂಡು ಬದುಕುವ ರೋಗಿಗಳಿಗೆ ಗ್ರಹಾಂ ಅವರ ಹೆಸರು ತಿಳಿದಿರಲಾರದು. ಅವರ ಯೂರಿಯ ಮಾತ್ರ ಅಂದಿನ ಕಾಗದವನ್ನು ದಾಟಿದಂತೆಯೇ ಇಂದಿನ ಪೊರೆಯನ್ನೂ ದಾಟುತ್ತಿದೆ.

ಜೆಲ್ಲಿನ ಕಥೆ ಇನ್ನೂ ನಿಧಾನವಾದುದು. ಚರ್ಮದ ಕೆಳಗೆ ಮದ್ದನ್ನು ಚುಚ್ಚುವ ಸಿರಿಂಜು 1853ರಲ್ಲಿ, ಗ್ರಹಾಂ ಓದಿದ ಎಡಿನ್‌ಬರೋ ನಗರದಲ್ಲಿಯೇ, ಅಲೆಕ್ಸಾಂಡರ್ ವುಡ್ ಎಂಬ ವೈದ್ಯರ ಕೈಯಲ್ಲಿ ಬಳಕೆಗೆ ಬಂದಿತ್ತು. ಆದರೆ ಸಿರಿಂಜು ಮತ್ತು ಜೆಲ್ ಒಂದನ್ನೊಂದು ಸಂಧಿಸಲು ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಸಾಮಾನ್ಯವಾದ ಚುಚ್ಚುಮದ್ದಿನಲ್ಲಿ ಒಂದು ತೊಡಕಿದೆ. ಅನೇಕ ಔಷಧಗಳು ಚುಚ್ಚಿದೊಡನೆ ರಕ್ತದಲ್ಲಿ ಏರುತ್ತವೆ, ಬಹುಬೇಗ ಇಳಿದುಹೋಗುತ್ತವೆ. ಏರಿದಾಗ ವಿಷದಂತೆ ಬಾಧಿಸುವ ಭಯ. ಇಳಿದಾಗ ರೋಗವು ಮತ್ತೆ ತಲೆಯೆತ್ತುವ ಭಯ. ಆದುದರಿಂದ ಮೇಲಿಂದ ಮೇಲೆ ಸೂಜಿಯ ನೋವನ್ನು ಸಹಿಸಬೇಕು. ಔಷಧವನ್ನು ಜೆಲ್ಲಿನ ಬಲೆಯಲ್ಲಿ ಇರಿಸಿ ಬೇಕಾದ ಎಡೆಯಲ್ಲಿ ನಿಲ್ಲಿಸಿದರೆ, ಅದು ಹದವರಿತು ಹೊರಬರುವಂತೆ ಮಾಡಬಹುದು.

ಈ ದಾರಿಯಲ್ಲಿ ಹಲವರು ನಡೆದರು. 1960ರಲ್ಲಿ ಪ್ರಾಗ್ ನಗರದ ಓಟ್ಟೋ ವಿಚ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್, ದೇಹಕ್ಕೆ ಒಗ್ಗುವ ನೀರುಗೂಡಿದ ಜೆಲ್ಲನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಕಣ್ಣಿನ ಮೆತ್ತನೆಯ ಸ್ಪರ್ಶಮಸೂರಗಳು ಅದರಿಂದಲೇ ಹುಟ್ಟಿದವು. 1976ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೂಡಾ ಫೋಕ್‌ಮನ್, ಪ್ರೋಟೀನಿನಂತಹ ದೊಡ್ಡ ಅಣುಗಳನ್ನೂ ಪಾಲಿಮರ್‌ಗಳಿಂದ ದೀರ್ಘಕಾಲ ಮೆಲ್ಲನೆ ಬಿಡುಗಡೆ ಮಾಡಬಹುದೆಂದು ತೋರಿಸಿದರು. ಆಮೇಲೆ ಬಂದವು, ತಂಪಿನಲ್ಲಿ ದ್ರವವಾಗಿದ್ದು ಮೈಯ ಬಿಸಿ ತಗಲಿದೊಡನೆ ಜೆಲ್ ಆಗುವ ವಸ್ತುಗಳು. ಸೂಜಿಯೊಳಗೆ ಸಾಲ್, ದೇಹದೊಳಗೆ ಜೆಲ್! ಮೈಯ ನೀರು ತಗಲಿ ಒಳಗೇ ಗಟ್ಟಿಯಾಗಿ, ತಿಂಗಳ ಕಾಲ ಔಷಧವನ್ನು ಒಸರಿಸುವ ಚುಚ್ಚುಮದ್ದೊಂದಕ್ಕೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಮದ್ದು. 2020ರಲ್ಲಿ, ಮೂತ್ರನಾಳದ ಮೇಲ್ಭಾಗದಲ್ಲಿ ಬರುವ ಒಂದು ಬಗೆಯ ಕ್ಯಾನ್ಸರಿಗಾಗಿ, ತಂಪಾಗಿ ಒಳಸೇರಿಸಿದ ಮೇಲೆ ಜೆಲ್ ಆಗಿ ನಿಲ್ಲುವ ಔಷಧಕ್ಕೂ ಅಲ್ಲಿ ಒಪ್ಪಿಗೆ ಸಿಕ್ಕಿತು.

ಜೀನ್‌ಗಳನ್ನೂ ಹೀಗೆ ತಲುಪಿಸುವ ಯತ್ನಗಳು ನಡೆದಿವೆ. ಜೀನನ್ನು ಹೊತ್ತ ಅಣುಗಳು, ವೈರಸ್ಸುಗಳು ಔಷಧದ ಸಣ್ಣ ಅಣುಗಳಿಗಿಂತ ಬಹಳ ದೊಡ್ಡವು. ಕ್ಯಾರಮೆಲ್ಲಿನಂತೆ ಅವು ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಜೆಲ್ ತಾನೇ ಸವೆದು ಕರಗಿದಂತೆಲ್ಲ ಹೊರಬರುತ್ತವೆ. ಮುಟ್ಟಿದರೆ ಚರ್ಮವು ಸುಲಿದು ಗಾಯವಾಗುವ ಒಂದು ಹುಟ್ಟುರೋಗವಿದೆ. ಅದರಿಂದ ಬಳಲುವವರ ಗಾಯಗಳಿಗೆ ಲೇಪಿಸುವ, ಸರಿಯಾದ ಜೀನನ್ನು ಹೊತ್ತ ಜೆಲ್ಲಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಸೂಜಿಯಿಂದ ಚುಚ್ಚುವ ಜೀನ್-ಜೆಲ್‌ಗಳು ಬಹುಮಟ್ಟಿಗೆ ಇನ್ನೂ ಪ್ರಯೋಗಶಾಲೆಗಳಲ್ಲಿವೆ. ಮಂಗಳೂರು, ಮಣಿಪಾಲಗಳ ಔಷಧವಿಜ್ಞಾನದ ಕಾಲೇಜುಗಳಲ್ಲಿಯೂ ಜೆಲ್‌ಗಳು ಅಭ್ಯಾಸದ ವಿಷಯವಾಗಿವೆ.

ಗ್ರಹಾಂ ಅವರು ರೋಗವನ್ನು ಗುಣಪಡಿಸಲೆಂದು ಹೊರಟವರಲ್ಲ. ಉಪ್ಪು ಎಷ್ಟು ಬೇಗ ಹರಡುತ್ತದೆ, ಗೋಂದು ಏಕೆ ಹಿಂದುಳಿಯುತ್ತದೆ ಎಂಬುದನ್ನು ನಿಜವಾಗಿ ತಿಳಿಯಬೇಕೆಂದು ಹೊರಟವರು. ಅದಕ್ಕಾಗಿ ತಂದೆಯ ಅಸಮಾಧಾನವನ್ನೂ ಬಡತನವನ್ನೂ ಸಹಿಸಿದರು. ಬೇಗ ಫಲ ಕೊಡುವ ಕೆಲಸವೇ ಕೆಲಸವೆಂದು ಎಣಿಸುವವರಿಗೆ ಅವರ ಬಾಳು ಒಂದು ಉತ್ತರವಾಗಿದೆ. ವಿದ್ಯಾರ್ಥಿಗಳೂ ಅವರ ಹಾದಿಯಲ್ಲಿ ಒಂದು ಹೆಜ್ಜೆಯಿಡಬಹುದು. ಚೈನಾ ಗ್ರಾಸನ್ನು ಕುದಿಸಿ ಗಾಜಿನ ಲೋಟದಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ಹನಿ ನೀಲಿ ಶಾಯಿಯನ್ನು ಹಾಕಿ, ಅಲುಗಾಡಿಸದೆ ಇಡಿರಿ. ಪ್ರತಿದಿನವೂ ಅದೇ ಹೊತ್ತಿಗೆ ನೀಲಿ ಬಣ್ಣವು ಎಷ್ಟು ಕೆಳಗೆ ಇಳಿದಿದೆಯೆಂದು ಅಳತೆಪಟ್ಟಿಯಿಂದ ಅಳೆದು ಬರೆದಿಡಿರಿ.